ಗೋಣಿಚೀಲದ ಪರದೆ

ನನ್ನ ಮದುವೆಯಾದದ್ದು ಎಂ.ಎ. ಮೂರನೇ ಸೆಮಿಸ್ಟರ್ ಮುಗಿದು ನಾಲ್ಕನೆಯದು ಶುರುವಾಗುವ ನಡುವೆ. ಓದುತ್ತಿದ್ದದ್ದು ರಂಗಭೂಮಿ. ರಂಗವಿನ್ಯಾಸ, ನಾಟಕ ಕಟ್ಟುವುದು, ನಾಟಕದ ಚರಿತ್ರೆ. ಗಂಡಿನ ಕಡೆಯವರು ಕಡೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ, "ಓದು ಬಿಡಿಸೋದು ಬ್ಯಾಡ, ಪೂರ್ತಿ ಮಾಡ್ಲಿ" ಎಂದು ತಾವಾಗಿಯೇ ಹೇಳಿದವರು ನನ್ನ ಮಾವ. ಅಜ್ಜಂಪುರದಲ್ಲಿ ಈರುಳ್ಳಿ, ರಾಗಿ ಮಂಡಿ ನಡೆಸುವವರು, ತಲೆತಲಾಂತರದಿಂದ ಮಠಕ್ಕೆ ನಡೆದುಕೊಳ್ಳುವ ಮನೆತನ. ನಮ್ಮಮ್ಮ ಆ ಒಂದು ಮಾತಿಗೇ ಕರಗಿಹೋದಳು.

ಮಾವ ಆ ಮಾತು ತಪ್ಪಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿ ಯಾರಾದರೂ ಅವರನ್ನು ಕೆಟ್ಟವರು ಅಂದುಕೊಂಡರೆ ಸುಳ್ಳಾಗುತ್ತದೆ. ಆ ಮನೆಯಲ್ಲಿ ನನಗೆ ಯಾರೂ ಯಾವುದನ್ನೂ ಬೇಡ ಅಂದವರಲ್ಲ. ನಾನು ಓದಲು ಕೂತರೆ ಅತ್ತೆ ಬಾದಾಮಿ ಹಾಲು ತಂದಿಟ್ಟು ಪಕ್ಕದಲ್ಲೇ ಕೂರುತ್ತಿದ್ದರು. ಒಬ್ಬಳೇ ಇದ್ದರೆ ಬೇಜಾರಾಗುತ್ತದೆ ಎಂದು ಅವರ ಲೆಕ್ಕ. ಕೂತು ಅವರ ತಂಗಿಯ ಮಗಳ ಬಾಣಂತನದ ಕಥೆ ಹೇಳುತ್ತಿದ್ದರು. ನನ್ನ ಕೈಯಲ್ಲಿ ನಾಟಕದ ಚರಿತ್ರೆ ತೆರೆದಿರುತ್ತಿತ್ತು. ಕಂಪನಿ ನಾಟಕದ ಕಾಲದಲ್ಲಿ ಗಂಡಸರೇ ಸೀರೆ ಉಟ್ಟು ರಾಣಿಯಾಗುತ್ತಿದ್ದರು ಎಂಬ ಪುಟದ ಮೇಲೆ ಬೆರಳಿಟ್ಟುಕೊಂಡು ನಾನು "ಹೌದಾ ಅತ್ತೆ, ಆಮೇಲೆ?" ಅನ್ನುತ್ತಿದ್ದೆ. ಆ ಪುಟ ದಾಟಲು ಒಂದು ವಾರ ಹಿಡಿಯಿತು. ಟೆರೇಸಿಗೆ ಹೋದರೆ ಅಲ್ಲಿಗೂ ಬರುತ್ತಿದ್ದರು, ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿಕೊಂಡು. ಪಾಪ ಅನ್ನಿಸಿ ನಾನೇ ಕೆಳಗಿಳಿದು ಬರುತ್ತಿದ್ದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿಕೊಂಡರೆ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ.

"ಏನ್ ತೊಂದ್ರೆ ಕೊಡ್ತಾರೆ ಹೇಳು?"

"ಏನೂ ಇಲ್ಲಮ್ಮ."

"ಮತ್ತೆ? ಬಾದಾಮಿ ಹಾಲು ಕುಡ್ದು ಓದ್ಕಳಕ್ಕೆ ಏನ್ ಕಷ್ಟ ನಿಂಗೆ?"

ಕೊನೆಯ ಸೆಮಿಸ್ಟರಿನಲ್ಲಿ ಪಾಠ ಕಡಿಮೆ, ಹೆಚ್ಚಿನ ಅಂಕ ಪ್ರಾಜೆಕ್ಟಿಗೆ. ಒಂದು ನಾಟಕಕ್ಕೆ ರಂಗವಿನ್ಯಾಸ ಮಾಡಿ, ಅದನ್ನು ಜನರ ಮುಂದೆ ಆಡಿಸಿ ತೋರಿಸಬೇಕು. ಮಿಕ್ಕವರೆಲ್ಲ ವಿಭಾಗದ ರಂಗಮಂದಿರದಲ್ಲೇ ಮಾಡಿದರು. ನಾನು ತಿಂಗಳುಗಟ್ಟಲೆ ಹಾಸ್ಟೆಲಿನಲ್ಲಿ ಇರುವ ಹಾಗಿರಲಿಲ್ಲ. ಯಾರೂ ಇರಬೇಡ ಅಂದಿರಲಿಲ್ಲ, ಆದರೆ ಆ ಮಾತು ಎತ್ತಿದಾಗ ಅತ್ತೆಯ ಮುಖ ಹೇಗಾಯಿತೆಂದರೆ ನಾನು ಮತ್ತೆ ಎತ್ತಲಿಲ್ಲ. ನನ್ನ ಗೈಡ್ ಮೇಡಂ ಒಂದು ದಾರಿ ಹೇಳಿಕೊಟ್ಟರು. "ನಿಮ್ಮೂರಲ್ಲೇ ಮಾಡಿ. ನಾನೇ ಬಂದು ನೋಡ್ತೀನಿ."

ಮಾವ ಮಠದ ಹೈಸ್ಕೂಲಿನ ಹೆಡ್‌ಮೇಷ್ಟ್ರ ಹತ್ತಿರ ಮಾತಾಡಿದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ನಾಟಕಕ್ಕೆ ಜಾಗ ಸಿಕ್ಕಿತು. ಒಂಬತ್ತನೇ ಕ್ಲಾಸಿನ ಮೂವರು ಹುಡುಗಿಯರು ಸಿಕ್ಕಿದರು. ಏನು ಆಡೋಣ ಎಂದು ಕೇಳಿದಾಗ ಅವರಲ್ಲಿ ಎತ್ತರದವಳು ತನಗಾದದ್ದನ್ನೇ ಹೇಳಿದಳು. ಹಿರೇನಲ್ಲೂರಿನಲ್ಲಿ ಅವರ ದೊಡ್ಡಪ್ಪನ ಮನೆಗೆ ಹೋದಾಗ, ರಾಗಿ ಗೋದಾಮಿನಲ್ಲಿ ಆಡುತ್ತಿದ್ದ ಇವಳನ್ನು ನೋಡದೆ ಯಾರೋ ಚಿಲಕ ಹಾಕಿಕೊಂಡು ಸಂತೆಗೆ ಹೋಗಿಬಿಟ್ಟಿದ್ದರಂತೆ. "ಕೂಗಿ ಕೂಗಿ ಗಂಟ್ಲು ಬಿದ್ದೋಯ್ತು ಮಿಸ್. ಆಮೇಲೆ ಸುಮ್ನೆ ಚೀಲದ ಮೇಲೆ ಕೂತ್ಕಂಡು ಹಾಡು ಹೇಳ್ಕತಿದ್ದೆ." ಅದನ್ನೇ ನಾಟಕ ಮಾಡಿದೆವು. ಗೋದಾಮಿನಲ್ಲಿ ಸಿಕ್ಕಿಹಾಕಿಕೊಂಡ ಮೂವರು ಹುಡುಗಿಯರು ಮೊದಲು ಅಳುತ್ತಾರೆ, ಜಗಳ ಆಡುತ್ತಾರೆ, ಆಮೇಲೆ ಹೊರಗೆ ಹೋದರೆ ಏನೇನು ಮಾಡುತ್ತೇವೆ ಎಂದು ಹೇಳಿಕೊಳ್ಳುತ್ತಾರೆ. ಕೊನೆಗೆ ಬಾಗಿಲು ತೆರೆಯುತ್ತದೆ, ಬೆಳಕು ಬರುತ್ತದೆ.

ಆ ಬೆಳಕೇ ನನ್ನ ವಿನ್ಯಾಸ. ಶಾಲೆಯ ಬಯಲು ವೇದಿಕೆ ಪೂರ್ವಕ್ಕೆ ಮುಖ ಮಾಡಿತ್ತು, ಬೆನ್ನ ಹಿಂದೆ ಪಶ್ಚಿಮಕ್ಕೆ ಬರೀ ಮೈದಾನ. ಸಂಜೆ ಐದರ ಮೇಲೆ ಬಿಸಿಲು ಹಿಂದಿನಿಂದ ನೇರ ವೇದಿಕೆಗೆ ಬೀಳುವುದನ್ನು ನಾನು ಹಲವು ದಿನ ಹೋಗಿ ನೋಡಿಕೊಂಡಿದ್ದೆ. ಮಂಡಿಯ ಹಳೇ ಗೋಣಿಚೀಲಗಳ ಹೊಲಿಗೆ ಬಿಚ್ಚಿ, ಒಂದಕ್ಕೊಂದು ಸೇರಿಸಿ ದಬ್ಬಳದಲ್ಲಿ ಹೊಲಿದು ದೊಡ್ಡ ಪರದೆ ಮಾಡಿದೆ. ಅದನ್ನು ವೇದಿಕೆಯ ಹಿಂದೆ ಕಟ್ಟಿದರೆ ಗೋಣಿಯ ನೇಯ್ಗೆಯ ಸಂದಿಯಿಂದ ಬಿಸಿಲು ಸಣ್ಣ ಸಣ್ಣ ಚುಕ್ಕೆಯಾಗಿ ಹಣಕುತ್ತದೆ. ಒಳಗೆ ಕಂದುಗತ್ತಲು, ಹೊರಗೆ ಹಗಲಿದೆ ಎಂದು ಗೊತ್ತಾಗುತ್ತದೆ, ಆದರೆ ಕೈಗೆ ಸಿಗುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಪರದೆ ಪೂರ್ತಿ ಸರಿಸಬೇಕು. ಒಂದು ಬಲ್ಬೂ ಬೇಡ. ತಾಲೀಮಿನ ದಿನ ಪರದೆ ಕಟ್ಟಿ ನೋಡಿದಾಗ ಹುಡುಗಿಯರು ಮಾತು ಮರೆತು ತಮ್ಮ ಅಂಗೈ ಮೇಲೆ ಬಿದ್ದ ಚುಕ್ಕೆಗಳನ್ನೇ ನೋಡುತ್ತ ನಿಂತರು. ಮದುವೆಯಾದ ಮೇಲೆ ನಾನು ಅಷ್ಟು ಖುಷಿಯಾಗಿದ್ದದ್ದು ಅವತ್ತೇ.

ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿದ್ದೆ. ಬಿಸಿಲಿನ ವಿಷಯ, ಗೋಣಿಯ ವಿಷಯ, ಭಾಷಣಕ್ಕೆ ಮೊದಲೇ ನಾಟಕ ಆಗಬೇಕು, ನನ್ನ ಪರೀಕ್ಷೆಯ ಅಂಕ ಇದಕ್ಕೇ ಎಂಬ ವಿಷಯ. ನನ್ನ ಗಂಡ ಊಟ ಮಾಡುತ್ತ "ಸರಿ, ಸರಿ" ಅಂದಿದ್ದರು. ಅತ್ತೆ ಮಾತ್ರ "ಸ್ವಾಮಿಗಳು ಬರೋ ಕಡೆ ಗೋಣಿಚೀಲ ಕಟ್ತೀಯಾ?" ಎಂದು ಒಂದು ಸಲ ಕೇಳಿದ್ದರು. "ಅದು ನಾಟಕಕ್ಕೆ ಅತ್ತೆ" ಅಂದೆ. ಅವರು ಸುಮ್ಮನಾದರು. ಒಪ್ಪಿಕೊಂಡರು ಅಂದುಕೊಂಡೆ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ನಾನೇ ನಿಂತು ಪರದೆ ಕಟ್ಟಿಸಿ ಬಂದಿದ್ದೆ. ಮಧ್ಯಾಹ್ನ ಮೇಡಂ ಬೀರೂರಿನಲ್ಲಿ ರೈಲಿಳಿದು ಬಂದರು. ಅವರು ನೇರ ಶಾಲೆಗೆ ಬರಲಿ ಎಂದು ನನ್ನ ಆಸೆ. "ಯೂನಿವರ್ಸಿಟಿಯಿಂದ ಬಂದೋರ್ನ ಮನಿಗೆ ಕರೀದೆ ಇರಕ್ಕಾಗುತ್ತಾ?" ಅಂದರು ಅತ್ತೆ. ಹೋಳಿಗೆ, ಕಟ್ಟಿನ ಸಾರು, ಕೋಸಂಬರಿ, ಎರಡು ಥರ ಪಲ್ಯ ಆಗಿತ್ತು. ನಾನು ಶಾಲೆಗೆ ಹೋಗುತ್ತೇನೆ ಅಂದಾಗ ಮಾವನೂ ಮೆಲ್ಲಗೆ, "ನಿಮ್ಮ ಮೇಡಂ ಊಟಕ್ಕೆ ಕೂತಾಗ ನೀನೇ ಇಲ್ಲದಿದ್ರೆ ಚೆನ್ನಾಗಿರಲ್ಲ ಕಣವ್ವಾ" ಅಂದರು. ನಾನು ನಿಂತು ಬಡಿಸಿದೆ. ಮೇಡಂ ಗಡಿಯಾರ ನೋಡುತ್ತಿದ್ದರು, ಅತ್ತೆ ಇನ್ನೊಂದು ಹೋಳಿಗೆ ಹಾಕುತ್ತಿದ್ದರು. ಮೇಲೆ ತುಪ್ಪ. ಆಮೇಲೆ ಅರಿಸಿನ ಕುಂಕುಮ, ಸೀರೆ, ತೆಂಗಿನಕಾಯಿ. ನನ್ನ ಕಾಲು ಬಾಗಿಲ ಕಡೆಗೇ ಎಳೆಯುತ್ತಿತ್ತು. ಆದರೂ ಟವೆಲು ಹಿಡಿದುಕೊಂಡು ಅವರ ಕೈತೊಳೆಯುವ ನೀರಿನ ಹತ್ತಿರ ನಿಂತಿದ್ದೆ.

ಶಾಲೆ ತಲುಪಿದಾಗ ವೇದಿಕೆ ನೋಡಿದವಳು ಕಾರಿನಿಂದ ಇಳಿಯುವುದನ್ನೇ ಮರೆತೆ.

ಗೋಣಿ ಪರದೆ ಇರಲಿಲ್ಲ. ಅದರ ಜಾಗದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಫ್ಲೆಕ್ಸು. ನಡುವೆ ಸ್ವಾಮಿಗಳು, ಒಂದು ಮಗ್ಗುಲಲ್ಲಿ ಮಾವ, ನನ್ನ ಗಂಡ, ಇನ್ನೊಂದು ಮಗ್ಗುಲಲ್ಲಿ ನಾನು. ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದ ಮುಖ, ಬೈತಲೆ ಬೊಟ್ಟು, ಮೂಗುತಿ, ಹೂವಿನ ದಂಡೆ. ಒಂದಾಳೆತ್ತರಕ್ಕೂ ಮೀರಿ ದೊಡ್ಡದಾಗಿ ನಗುತ್ತಿದ್ದೆ. ಕೆಳಗೆ, 'ನಾಟಕದ ರೂವಾರಿ, ನಮ್ಮೂರಿನ ಹೆಮ್ಮೆಯ ಸೊಸೆ'. ನನ್ನ ಗಂಡ ಓಡಿಬಂದು ಬಾಗಿಲು ತೆಗೆದರು. ಹಣೆ ತುಂಬ ಬೆವರು.

"ಹೆಂಗೈತೆ? ತರೀಕೆರೆಯಿಂದ ತರ್ಸಿದ್ದು. ನಿಂಗೆ ಗೊತ್ತಾಗ್ಬಾರ್ದು ಅಂತ ಎಲ್ಲಾ ಮುಚ್ಚಿಟ್ಟಿದ್ವಿ ಕಣೇ."

"ನನ್ನ ಪರದೆ?"

"ಅದಾ? ವೇಸ್ಟ್ ಮಾಡಿಲ್ಲ, ಅಲ್ಲೈತೆ ನೋಡು."

ಗೇಟಿನ ಹತ್ತಿರ ಚಪ್ಪಲಿ ಬಿಡುವ ಜಾಗದಲ್ಲಿ ಹಾಸಿದ್ದರು. ಮಣ್ಣಾಗದಿರಲಿ ಎಂದು. ಜನ ಕಾಲು ಒರೆಸಿಕೊಂಡು ಒಳಗೆ ಹೋಗುತ್ತಿದ್ದರು.

ಶಾಮಿಯಾನದವನ ಹತ್ತಿರ ಹೋಗಿ ಫ್ಲೆಕ್ಸ್ ಬಿಚ್ಚಲು ಆಗುತ್ತದಾ ಎಂದು ಕೇಳಿದೆ. ಅವನು ಗಾಬರಿಯಾದ. "ಸ್ವಾಮಿಗಳ ಫೋಟೋ ಐತಲ್ಲಕ್ಕ, ಈಗ ಕೆಳಗಿಳಿಸಕ್ಕಾಗುತ್ತಾ?" ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು. ಮುಂದಿನ ಸಾಲಿನಲ್ಲಿ ಒಂದು ಕಡೆ ಮೇಡಂ, ಇನ್ನೊಂದು ಕಡೆ ಅತ್ತೆ, ನಡುವೆ ನನ್ನ ಕುರ್ಚಿ. ಶಾಲು ಹೊದಿಸಿದರು. ಹಾರ ಹಾಕಿದರು. ನಾನು ಕೈ ಮುಗಿದೆ.

ನಾಟಕ ಮೊದಲು ಎಂದಿದ್ದದ್ದು ಭಾಷಣ ಮೊದಲಾಯಿತು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು, ಎಲ್ಲರೂ ನನ್ನನ್ನು ಹೊಗಳಿದರು. ಫ್ಲೆಕ್ಸಿನ ಮೇಲಂಚಿನಿಂದ ಬಿಸಿಲು ಇಳಿಯುತ್ತ ಬಂದು ಆಚೆ ಮರೆಯಾಯಿತು. ಎದ್ದು ಹುಡುಗಿಯರ ಹತ್ತಿರ ಹೋಗಿ ಒಂದು ಮಾತು ಹೇಳಿ ಬರಬೇಕಿತ್ತು. ಏಳಲು ಹೊರಟಾಗ ಅತ್ತೆ ನನ್ನ ಕೈ ಹಿಡಿದು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಎಲ್ಲಾ ನಿನ್ನೇ ನೋಡ್ತಾವ್ರೆ, ಸುಮ್ನೆ ಕೂತ್ಕೋ." ಅವರ ಕಣ್ಣು ತುಂಬಿಬಂದಿತ್ತು. ಅದು ನಿಜವಾದ ಸಂತೋಷ. ಆ ಕೈಯನ್ನು ಬಿಡಿಸಿಕೊಂಡು ಏಳುವಷ್ಟು ಶಕ್ತಿ ನನಗೆ ಬರಲಿಲ್ಲ. ಹಾರದ ಸೇವಂತಿಗೆ ಕತ್ತಿಗೆ ತಣ್ಣಗೆ ಒತ್ತುತ್ತಿತ್ತು.

ಕೊನೆಗೆ ನಾಟಕ ಶುರುವಾಯಿತು. ಕತ್ತಲ ಗೋದಾಮು ಎಂದು ಹುಡುಗಿಯರು ತಡಕಾಡಿಕೊಂಡು ಬಂದರೆ ಮೇಲೆ ಸಾಲು ಟ್ಯೂಬ್‌ಲೈಟು, ಹಿಂದೆ ಹಲ್ಲು ಬಿಟ್ಟು ನಗುವ ನಾನು. ಜನ ನಕ್ಕರು. ಚಿಕ್ಕವಳು ಗಾಬರಿಯಾಗಿ ಮಾತು ನುಂಗಿದಳು. ಎತ್ತರದವಳು ಅವಳ ಕೈ ಗಟ್ಟಿಯಾಗಿ ಹಿಡಿದು ಆಟ ಮುಂದುವರಿಸಿದಳು. ನಿಧಾನಕ್ಕೆ ಜನ ಸುಮ್ಮನಾದರು. ಹೊರಗೆ ಹೋದರೆ ಏನು ಮಾಡುತ್ತೇವೆ ಎನ್ನುವ ಮಾತು ಬಂದಾಗ, ಹಿಂದೆ ಕೂತಿದ್ದ ಹೆಂಗಸರ ಕಡೆಯಿಂದ ಮಿಸುಕಾಟವೂ ಇರಲಿಲ್ಲ.

ಬಾಗಿಲು ತೆರೆಯುವ ಹೊತ್ತು ಬಂತು. ಸರಿಸಲು ಪರದೆಯೇ ಇಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆಗ ಎತ್ತರದವಳು ಹಿಂದಕ್ಕೆ ನಡೆದುಹೋಗಿ, ಫ್ಲೆಕ್ಸಿನ ಕೆಳಮೂಲೆಗೆ ಕಟ್ಟಿದ್ದ ಹಗ್ಗದ ಗಂಟು ಬಿಚ್ಚಿ, ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದಳು. ಅದು ನನ್ನ ಚಿತ್ರವಿದ್ದ ಮಗ್ಗುಲು. ಚಿತ್ರದ ಮುಖ ಮಡಚಿಕೊಂಡು ಹೋಯಿತು. ಮೈದಾನದ ಆಚೆ ಮುಳುಗುವ ಮುಂಚಿನ ಕೆಂಪು ಬಿಸಿಲು ಉಳಿದಿತ್ತು. ಅದು ನೆಲಕ್ಕೆ ಅಂಟಿಕೊಂಡು ಒಳಗೆ ಬಂದು ಉಳಿದಿಬ್ಬರ ಪಾದದ ಮೇಲೆ ಬಿತ್ತು. "ಬರ್ರೇ" ಅಂದಳು. ಆ ಮಾತು ನಾಟಕದಲ್ಲಿ ಇರಲಿಲ್ಲ. ಮೂವರೂ ಬಗ್ಗಿ ಆ ಸಂದಿಯಿಂದ ಮೈದಾನಕ್ಕೆ ಹಾರಿ ಓಡಿಬಿಟ್ಟರು. ಫ್ಲೆಕ್ಸ್ ಪಟ್ಟನೆ ಕೆಳಗೆ ಬಿತ್ತು. ವೇದಿಕೆ ಖಾಲಿ.

ಚಪ್ಪಾಳೆಯ ನಡುವೆ ಅತ್ತೆ ಕೇಳಿದರು, "ಮುಗೀತಾ? ಮಕ್ಕಳು ಎಲ್ಲಿಗೋದ್ವು?"

ತಿಂಗಳ ನಂತರ ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಾಟಕದ ವಿಡಿಯೋ ನೋಡಿ, ಆ ಕೊನೆಯ ದೃಶ್ಯ ನಿಮ್ಮ ಕಲ್ಪನೆಯಾ ಎಂದು ಕೇಳಿದರು. "ಇಲ್ಲ ಸರ್, ಆ ಹುಡುಗಿಯದು" ಅಂದೆ. "ಹಾಗಾದ್ರೆ ಇದರಲ್ಲಿ ನಿಮ್ಮ ವಿನ್ಯಾಸ ಎಲ್ಲಿದೆ?" ಗೇಟಿನ ಹತ್ತಿರ ಎಂಬ ಮಾತು ಬಾಯಿಗೆ ಬಂದಿತ್ತು. ನಕ್ಷೆ ಬಿಡಿಸಿ ತೋರಿಸಿದೆ, ತಾಲೀಮಿನ ಫೋಟೋ ತೋರಿಸಿದೆ. ಅವರು ಫೋಟೋವನ್ನು ತುಂಬ ಹೊತ್ತು ನೋಡಿದರು. ಆದರೆ ಆಡದೇ ಇದ್ದದ್ದಕ್ಕೆ ಅಂಕ ಕೊಡಲು ಬರುವುದಿಲ್ಲ ಅಂದರು. ಪಾಸಾದೆ, ಅಷ್ಟೇ. ಮಾವ ಮಂಡಿಗೆಲ್ಲ ಪೇಡ ಹಂಚಿದರು.

ನಾಟಕದ ರಾತ್ರಿಯಲ್ಲ, ಅದಾದ ಎಷ್ಟೋ ದಿನಕ್ಕೆ, ಮಂಡಿಯ ಮುಂದೆ ಈರುಳ್ಳಿ ಲೋಡಾಗುತ್ತಿದ್ದಾಗ ಗಂಡನಿಗೆ ಹೇಳಿದೆ. ನೀವು ಅವತ್ತು ನನ್ನ ಪರೀಕ್ಷೆಯನ್ನು ಬಿಚ್ಚಿ ಚಪ್ಪಲಿ ಕೆಳಗೆ ಹಾಸಿದಿರಿ ಅಂದೆ. ಅವರು ಚೀಲ ಎಣಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅದು ಪರೀಕ್ಷೆಗೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ದೆ."

"ಯಾವಾಗ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದು ಗೊತ್ತಾದ ಮೇಲೆ ಜಗಳ ಆಡಲೂ ನನಗೆ ಏನೂ ಉಳಿಯಲಿಲ್ಲ. ಅವರು ಮಾತ್ರ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಲಿಂಗದಹಳ್ಳಿಯಿಂದ, ದೇವನೂರಿನಿಂದೆಲ್ಲ ಜನ ಬರತೊಡಗಿದರು. ಮದುವೆಗೆ, ಗೃಹಪ್ರವೇಶಕ್ಕೆ ಸ್ಟೇಜು ಮಾಡಿಕೊಡಬೇಕಂತೆ. ನನ್ನನ್ನು ಕೇಳುವ ಮೊದಲೇ ಮನೆಯವರು ಒಪ್ಪಿಕೊಂಡಿರುತ್ತಿದ್ದರು. ಥರ್ಮಾಕೋಲಿನ ನವಿಲು, ಪ್ಲಾಸ್ಟಿಕ್ ಹೂವಿನ ಕಮಾನು. ಕೆಲವು ಮಾಡಿದೆ. ಒಂದು ದಿನ ಬಂದವರ ಎದುರಿಗೇ, "ನನಗೆ ಇದು ಬರಲ್ಲ, ನಾನು ಓದಿದ್ದು ಇದನ್ನಲ್ಲ" ಎಂದೆ. ಯಾರೂ ಬೈಯಲಿಲ್ಲ. ಅತ್ತೆ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಎರಡು ದಿನ ನನ್ನ ಜೊತೆ ಮಾತು ಕಡಿಮೆಯಾಯಿತು, ಮೂರನೇ ದಿನ ಬಾದಾಮಿ ಹಾಲು ಬಂತು.

ಈಗ ಕಡೂರಿನ ಒಂದು ಕಾಲೇಜಿನಲ್ಲಿ ವಾರಕ್ಕೆ ಎರಡು ದಿನ ನಾಟಕದ ಚರಿತ್ರೆ ಪಾಠ ಮಾಡುತ್ತೇನೆ. ಗಂಡ ಕಾರಿನಲ್ಲಿ ಕರೆದುಕೊಂಡು ಹೋಗಿ, ಪಾಠ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಕಾಯುತ್ತಾರೆ. ಕಿಟಕಿಯಿಂದ ಕಾಣುತ್ತಾರೆ. ಬಸ್ಸಿನಲ್ಲಿ ಬರುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದೇನೆ. "ನೂಕಾಟದಲ್ಲಿ ಯಾಕೆ?" ಅನ್ನುತ್ತಾರೆ. ಹೋದ ಗುರುವಾರ ಮಂಡಿಗೆ ಲಾರಿ ಬಂದು ಅವರಿಗೆ ಬಿಡುವಾಗಲಿಲ್ಲ. ನಾನೊಬ್ಬಳೇ ಬಸ್ಸು ಹತ್ತಿದೆ. ಕಡೂರಿನವರೆಗೆ ನಿಂತುಕೊಂಡೇ ಹೋದೆ. ಪಕ್ಕದಲ್ಲಿ ಒಬ್ಬಳು ಕೋಳಿಮರಿಯ ಪುಟ್ಟಿ ಇಟ್ಟುಕೊಂಡಿದ್ದಳು, ಕಾಲಿಡಲು ಜಾಗವಿರಲಿಲ್ಲ. ಅತ್ತೆ ಫೋನ್ ಮಾಡಿದರು, ಮಾವ ಮಾಡಿದರು, ಮತ್ತೆ ಅತ್ತೆ ಮಾಡಿದರು. ಅವತ್ತಿನ ಪಾಠ ಚೆನ್ನಾಗಿ ಆಯಿತು. ಮುಗಿದ ಮೇಲೂ ಹುಡುಗರ ಪ್ರಶ್ನೆಗೆ ಉತ್ತರ ಹೇಳುತ್ತ ನಿಂತಿದ್ದೆ, ಕಿಟಕಿಯ ಕಡೆ ನೋಡುವ ಕೆಲಸವಿರಲಿಲ್ಲ.

ಸಂಜೆ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಕಾರು ನಿಂತಿತ್ತು. ಗಂಡ ಹಿಂದಿನ ಬಸ್ಸಿನ ಹೊತ್ತಿನಿಂದಲೇ ಕಾಯುತ್ತಿದ್ದರಂತೆ. ಮೈತುಂಬ ಈರುಳ್ಳಿ ಧೂಳು.

"ಸೀಟು ಸಿಕ್ತಾ?" ಎಂದು ಕೇಳಿದರು.

"ಸಿಗಲಿಲ್ಲ. ಆದ್ರೂ ಮುಂದಿನ ವಾರ ಬಸ್ಸಲ್ಲೇ ಹೋಗ್ತೀನಿ."

ಅವರು ಕಾರಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತರು. ನಾನು ಹತ್ತಿ ಕೂತೆ.