ಆಫ್ ಮಾಡಲಾಗದ ಗಾಡಿ

ಅಣ್ಣ ಮಾವಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಸೊಂಟದಿಂದ ಕೆಳಗೆ ಸ್ಪರ್ಶವೂ ಉಳಿಯಲಿಲ್ಲ. ಆಮೇಲೆ ಜಗಲಿಯ ಮೇಲೆ ಕೂತರೆ ಅವನಿಗೆ ಕಾಣುತ್ತಿದ್ದದ್ದು ನಮ್ಮ ಮಾವಿನ ತೋಟದ ಮೊದಲ ಸಾಲು ಮಾತ್ರ. ಶ್ರೀನಿವಾಸಪುರದ ಕಡೆ ತೋಟದ ನೆಲವನ್ನು ಉತ್ತು ಬಿಟ್ಟಿರುತ್ತಾರೆ. ಗಾಲಿಕುರ್ಚಿ ಆ ಮಣ್ಣಿನಲ್ಲಿ ಒಂದು ಮಾರೂ ಹೋಗದು. ನಾವು ಅವನನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆವು. ಅವನು ಬರುತ್ತಿದ್ದ, ಸುತ್ತ ನೋಡುತ್ತಿದ್ದ, ಸ್ವಲ್ಪ ಹೊತ್ತಿಗೇ ಸಾಕು ನಡೀರಿ ಎನ್ನುತ್ತಿದ್ದ.

ಕೆಲವು ವರ್ಷಗಳ ನಂತರ ಮಾಲೂರಿನ ಹತ್ತಿರ ಒಂದು ರೆಸಾರ್ಟ್ ಮುಚ್ಚಿತು. ಅಲ್ಲಿ ಮಾರಾಟಕ್ಕಿಟ್ಟ ಸಾಮಾನುಗಳ ನಡುವೆ ದಪ್ಪ ಟೈರುಗಳ, ನಾಲ್ಕು ಚಕ್ರದ ಬೈಕಿನಂಥ ಒಂದು ಗಾಡಿ ಇತ್ತು. ಏಟಿವಿ ಅನ್ನುತ್ತಾರಂತೆ. ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವುದರಿಂದ ಉತ್ತ ಮಣ್ಣಿನಲ್ಲೂ ಹೂತುಕೊಳ್ಳುವುದಿಲ್ಲ ಎಂದರು. ನಾನು ನೋಡಿದ್ದು ಬೇರೆ. ಗೇರು, ಬ್ರೇಕು, ಆಕ್ಸಿಲರೇಟರು ಎಲ್ಲವೂ ಕೈಯಲ್ಲೇ ಇದ್ದವು, ಕಾಲಿಗೆ ಕೆಲಸವಿರಲಿಲ್ಲ. ಕೊಂಡು ತಂದೆ. ವೆಲ್ಡಿಂಗ್ ಅಂಗಡಿಯಲ್ಲಿ ಬೆನ್ನಿಗೊಂದು ಒರಗು, ಕಾಲು ಜಾರದಂತೆ ಪಟ್ಟಿ ಮಾಡಿಸಿದೆವು.

ಮೊದಲ ದಿನ ಅವನು ಮೊದಲ ಸಾಲನ್ನು ದಾಟಿ ಕಣ್ಮರೆಯಾದ. ಅಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಎಂಜಿನ್ನಿನ ಸದ್ದು ದೂರ ಹೋಯಿತು, ಬಲಕ್ಕೆ ತಿರುಗಿತು, ಮತ್ತೆ ಹತ್ತಿರ ಬಂತು. ಅಣ್ಣನ ಹುಬ್ಬಿನ ಮೇಲೆಲ್ಲ ಕೆಂಪು ಧೂಳು.

"ಲೇ, ಬಾದಾಮಿ ಮಾವಿನ ಸಾಲಲ್ಲಿ ಕೆಂಜಿಗ ಇರುವೆ ಗೂಡು ಕಟ್ಟಿದೆ. ದಿನಾ ತೋಟಕ್ಕೆ ಹೋಗ್ತೀಯಲ್ಲ, ಕಣ್ಣು ಮನೇಲಿ ಬಿಟ್ಟು ಹೋಗ್ತೀಯೇನೋ?" ಎಂದ.

ಅವನು ನನ್ನನ್ನು ಬೈದು ಎಷ್ಟೋ ಕಾಲವಾಗಿತ್ತು. ಅಮ್ಮ ಒಳಗೆ ಹೋಗಿ ಅತ್ತಳು.

ಗಾಡಿಯ ಗುಣ ಬೇಗ ಗೊತ್ತಾಯಿತು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಒಮ್ಮೆ ಆಫ್ ಆದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಕೆಲವು ದಿನ ಪೂರ್ತಿ ಆರಿದ ಮೇಲೆ ಹೊರಡುತ್ತಿತ್ತು, ಕೆಲವು ದಿನ ಆಗಲೂ ಇಲ್ಲ. ಮುಂದಿನ ಚಕ್ರಗಳಿಗೆ ಬಲ ಕೊಡುವ ಸ್ವಿಚ್ಚು ಕೂಡ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿತ್ತು. ಟ್ರೈಲರಿನ ಮೇಲೆ ಗಾಡಿಯನ್ನೂ ಅಣ್ಣನನ್ನೂ ಹೇರಿಕೊಂಡು ಮುಳಬಾಗಿಲಿನ ಮೆಕ್ಯಾನಿಕ್ ಹತ್ತಿರ ಹೋದೆ. ಟ್ರ್ಯಾಕ್ಟರು, ಜೀಪು ರಿಪೇರಿ ಮಾಡುವವನು. ಅವನು ಸುತ್ತ ಒಂದು ಸಲ ನಡೆದು ನೋಡಿದ.

"ಇದಿ ಬಂಡಿ ಕಾದು ಸಾರ್. ಗಾಡೀನೇ ಅಲ್ಲ ಇದು. ಬಿಸಿಲಿಗೆ ಬಿದ್ದ ಎಮ್ಮೆ. ಒಂದ್ಸಲ ಮಲಗಿದ್ರೆ ಏಳಲ್ಲ."

"ನಾನೂ ಅದೇ ಜಾತಿ," ಎಂದ ಅಣ್ಣ ಟ್ರೈಲರಿನ ಮೇಲಿಂದ. "ಜೋಡಿ ಸರಿಯಾಗಿದೆ ಬಿಡು."

ಮೆಕ್ಯಾನಿಕ್ ನನ್ನ ಮುಖ ನೋಡಿದ, ಆಮೇಲೆ ನಕ್ಕ. ವಾಲ್ವ್ ಸರಿಮಾಡಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಸ್ವಲ್ಪ ದಿನ ಸರಿಯಾಯಿತು, ಮತ್ತೆ ಅದೇ ಕಥೆ. ಕೋಲಾರದಲ್ಲಿ ತೋರಿಸಿದೆ. ಬೆಂಗಳೂರಿನಿಂದ ತರಿಸಿದ ಪಾರ್ಟುಗಳು ಇದಕ್ಕೆ ಹೊಂದಲಿಲ್ಲ.

ಹೀಗಾಗಿ ಮನೆಯಲ್ಲಿ ನಾವೆಲ್ಲ ಕಿವಿಯಾದೆವು. ಅಣ್ಣ ತೋಟದಲ್ಲಿದ್ದಷ್ಟು ಹೊತ್ತು ಕೈ ಕೆಲಸ ಮಾಡುತ್ತಿತ್ತು, ಕಿವಿ ಆ ಸದ್ದಿನ ಹಿಂದೆ ಸುತ್ತುತ್ತಿತ್ತು. ಸದ್ದು ನಿಂತರೆ ಹತ್ತಿರವಿದ್ದವರು ಓಡುವುದು. ಗಾಡಿಯನ್ನು ತಳ್ಳುವುದು, ಆಗದಿದ್ದರೆ ಅವನನ್ನು ಬೆನ್ನ ಮೇಲೆ ಹೊತ್ತು ತರುವುದು.

ಒಂದು ಬೆಳಿಗ್ಗೆ, ಮರಗಳು ತುಂಬ ಹೂ ಬಿಟ್ಟಿದ್ದ ಕಾಲ, ಸದ್ದು ನಿಂತಿತು. ಓಡಿದೆ. ಅಣ್ಣ ತೋಟದ ಆ ತುದಿಯಲ್ಲಿ ಒಂದು ಮರದ ಕೆಳಗೆ ಗಾಡಿಯ ಮೇಲೆ ಕೂತಿದ್ದ. ಕೀ ಅವನ ಕೈಯಲ್ಲಿತ್ತು.

"ಕೆಟ್ಟಿಲ್ಲ ಕಣೋ. ನಾನೇ ಆಫ್ ಮಾಡ್ದೆ."

"ಯಾಕಣ್ಣಾ?"

"ಹೂ ಬಿಟ್ಟಾಗ ಮರದ ತುಂಬ ಹುಳದ ಸದ್ದು ಇರುತ್ತಲ್ಲ. ಕೇಳೋಣ ಅಂತ. ಕಿವಿಗೆ ಬೀಳೋಷ್ಟರಲ್ಲಿ ನೀನು ಏದುಸಿರು ಬಿಡ್ತಾ ಬಂದೆ."

ನಾನು ಅಲ್ಲೇ ನಿಂತೆ. ಇಷ್ಟು ದಿನ ಅವನು ಎಲ್ಲೂ ನಿಲ್ಲದೆ ಸುತ್ತುತ್ತಿದ್ದದ್ದನ್ನು ನಾವು ಹುಮ್ಮಸ್ಸು ಎಂದುಕೊಂಡಿದ್ದೆವು. ಅವನಿಗೆ ಬೇಕಾಗಿದ್ದದ್ದು ನಿಲ್ಲುವುದು. ತೋಟದ ಒಳಗೆ ಒಬ್ಬನೇ ಸುಮ್ಮನೆ ಕೂತಿದ್ದು, ಸಾಕೆನಿಸಿದಾಗ ತಾನಾಗಿ ಎದ್ದು ಬರುವುದು, ಮರದಿಂದ ಬೀಳುವ ಮುಂಚೆ ದಿನವೂ ಮಾಡುತ್ತಿದ್ದ ಹಾಗೆ. ಮತ್ತೆ ಸ್ಟಾರ್ಟ್ ಆಗುವ ನಂಬಿಕೆಯಿಲ್ಲದ ಗಾಡಿಯನ್ನು ಆಫ್ ಮಾಡುವ ಹಾಗಿಲ್ಲ. ಅದಕ್ಕೇ ಅವನು ಸುತ್ತುತ್ತಿದ್ದ.

ಆ ಸಂಜೆ ಅವನು ನನ್ನನ್ನೂ ಅಮ್ಮನನ್ನೂ ಕೂರಿಸಿಕೊಂಡು ಹೇಳಿದ. "ಇನ್ನು ಸದ್ದು ನಿಂತ್ರೂ ಬರಬೇಡಿ. ಬೇಕಾದ್ರೆ ಹಾರ್ನ್ ಹೊಡೀತೀನಿ." ಅಮ್ಮ ಒಪ್ಪಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ.

ಹಲವು ಸಲ ಹಾರ್ನ್ ಕೇಳಿಸಿತು, ಹೋಗಿ ಕರೆತಂದೆವು. ಕೆಲವೇ ಸಲ ಗಾಡಿ ಆರಿದ ಮೇಲೆ ಸ್ಟಾರ್ಟ್ ಆಗಿ ಅವನೇ ಬಂದ. ಆ ದಿನಗಳಲ್ಲಿ ಅವನು ಮುದ್ದೆ ಇನ್ನೊಂದು ಹಾಕಮ್ಮ ಎನ್ನುತ್ತಿದ್ದ.

ಬೇಸಿಗೆ ಮಳೆ ಬಿದ್ದ ಮಾರನೆಯ ದಿನ ಅದು. ತಿಂಡಿ ತಿಂದು ಹೋದವನ ಸದ್ದು ಆ ತುದಿಯಲ್ಲಿ ನಿಂತಿತು. ಮಧ್ಯಾಹ್ನವಾಯಿತು. ಹಾರ್ನ್ ಇಲ್ಲ.

"ಹೋಗಿ ನೋಡೋ," ಎಂದಳು ಅಮ್ಮ.

"ಕರೆದಿಲ್ಲವಲ್ಲಮ್ಮಾ. ಕೂತಿರಬೇಕು."

ಅವಳೇ ಮೊದಲು ಅವನನ್ನು ಕಂಡಳು. ಮೊದಲ ಸಾಲಿನ ಮರಗಳ ನಡುವೆ ಅವನು ಮೊಣಕೈ ಊರಿಕೊಂಡು ತೆವಳುತ್ತ ಬರುತ್ತಿದ್ದ. ಎದೆಯೆಲ್ಲ ಕೆಸರು. ಕಾಲುಗಳು ಹಿಂದೆ ಎಳೆದುಕೊಂಡು ಬರುತ್ತಿದ್ದವು. ನಾನು ಓಡಿದೆ. ಅವನು ಒಂದು ಕೈ ಎತ್ತಿದ. ಬರಬೇಡ ಎಂದು. ನಾನು ನಿಂತೆ. ಅವನು ನನ್ನ ಪಕ್ಕದಿಂದಲೇ ಹೋದ. ಜಗಲಿ ಮುಟ್ಟಿ, ಗೋಡೆಗೊರಗಿ ಕೂತು, "ನೀರು" ಎಂದ.

ಗಾಡಿ ತರಲು ನಾನು ಹೋದೆ. ಮುಂದಿನ ಚಕ್ರಗಳು ತಿರುಗದೆ ಕೆಸರಿನ ಮೇಲೆ ಹಾಗೇ ಇದ್ದವು, ಹಿಂದಿನವು ತಿರುಗಿ ತಿರುಗಿ ಅರ್ಧ ಹೂತಿದ್ದವು. ಹಾರ್ನ್ ಒತ್ತಿ ನೋಡಿದೆ. ಜೋರಾಗಿಯೇ ಕೂಗಿತು.

ಕಾಲುಗಳಿಗೆ ಸ್ಪರ್ಶವಿಲ್ಲದ್ದರಿಂದ ಮಂಡಿಯ, ಪಾದದ ಚರ್ಮ ಕಿತ್ತುಹೋಗಿದ್ದು ಅವನಿಗೆ ಗೊತ್ತಾಗಿರಲಿಲ್ಲ. ಗಾಯಗಳು ಮಳೆಗಾಲ ಕಳೆದರೂ ಮಾಯಲಿಲ್ಲ. ಅಮ್ಮ ದಿನವೂ ತೊಳೆದು ಬಟ್ಟೆ ಕಟ್ಟುವಾಗ ಅವನು ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತಿದ್ದ.

"ಕೊಟ್ಬಿಡು ಅದನ್ನ," ಎಂದ ಒಂದು ದಿನ.

"ನಾನು ಟ್ರ್ಯಾಕ್ಟರಲ್ಲಿ ಕರ್ಕೊಂಡು ಹೋಗ್ತೀನಣ್ಣಾ. ಮರದ ಕೆಳಗೆ ಇಳಿಸಿ ದೂರ ಹೋಗಿರ್ತೀನಿ."

"ಎಷ್ಟು ದೂರ?"

"ನೀನು ಹೇಳಿದಷ್ಟು."

ಅವನು ಕೋಪವಿಲ್ಲದೆ, ಚಿಕ್ಕವರಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದ. "ಎಲ್ಲಿಗೆ ಹೋದ್ರೂ ನೀನು ಕಾಯ್ತಾ ನಿಂತಿರ್ತೀಯ ಕಣೋ. ನನಗೆ ಅದು ಗೊತ್ತಿರುತ್ತೆ."

ಗಾಡಿ ಹೋಯಿತು. ಮರಗಳು ಮತ್ತೆ ಹೂ ಬಿಡುವ ಮೊದಲು ಅವನು ತನ್ನ ಮಂಚವನ್ನು ರಸ್ತೆ ಕಡೆಯ ಕೋಣೆಗೆ ಹಾಕಲು ಹೇಳಿದ. ಆ ಕೋಣೆಯ ಕಿಟಕಿಯಿಂದ ತೋಟ ಕಾಣುವುದಿಲ್ಲ. ನಾನೂ ಅಮ್ಮನೂ ಎತ್ತಿ ಹಾಕಿದೆವು. ಬಾಗಿಲಲ್ಲಿ ಮಂಚ ಹಿಡಿಯಲಿಲ್ಲ. ಅದರ ಕಾಲುಗಳನ್ನು ಬಿಚ್ಚಿ, ಒಳಗೆ ಮತ್ತೆ ಜೋಡಿಸಬೇಕಾಯಿತು. ಅವನು ಜಗಲಿಯಲ್ಲಿ ತೋಟಕ್ಕೆ ಬೆನ್ನು ಹಾಕಿ ಕೂತು, ಮುಗಿಯಿತೇ ಎಂದು ಕೇಳುತ್ತಿದ್ದ.