ಮೆಂಜಾಳ ಅಂಗೈ

ಎಂಗಡೀನ್ ಕಣಿವೆಯವರು ಮೆಂಜಾಳನ್ನು ಅರೆಹುಚ್ಚಿ ಎಂದೇ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ! ಮರವೇ ಬೆಳೆಯದ ಎತ್ತರದ ಇಳಿಜಾರಿನಲ್ಲಿ, ಬೇಸಿಗೆ ಬಂತೆಂದರೆ ಅವಳು ಮೀಟರ್ ಅಗಲದ ಮರದ ಚೌಕಟ್ಟನ್ನು ನೆಲಕ್ಕಿಟ್ಟು, ಮಂಡಿಯೂರಿ, ಯಾವ ಗಿಡ ಎಷ್ಟು ಜಾಗ ಹಿಡಿದಿದೆ ಎಂದು ಅಂಗೈಯಿಟ್ಟು ಅಳೆಯುತ್ತಿದ್ದಳು. ಒಂದು ಅಂಗೈ ಎಂದರೆ ಚೌಕಟ್ಟಿನ ನೂರರಲ್ಲಿ ಒಂದು ಪಾಲು. ಅವಳು ಹೇಳಿದ್ದನ್ನು ಗಿಡಗಳ ಮೇಲೆ ಸಂಶೋಧನೆ ಮಾಡುವ ಫ್ಲುರಿನಾ ಬರೆದುಕೊಳ್ಳುತ್ತಿದ್ದಳು.

ಆ ವರ್ಷ ಮೆಂಜಾಳ ಕಾಲು ಉಳುಕಿತು. ಅವಳ ಬದಲು ಗಂಡ ಬಾಲ್ಸರ್ ಹೋಗಿ ಅಳೆದುಬಂದ. ಕುರಿ ಮೇಯಿಸುವವನಿಗೆ ಗಿಡಗಳ ಗುರುತು ಇರದೇ ಇರುತ್ತದೆಯೇ? ಆದರೆ ವಾರ ಕಳೆಯುವುದರೊಳಗೆ ಫ್ಲುರಿನಾ ಬಂದು ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಕೂತಳು.

"ಮೆತ್ತೆ ಹೂ ಅರ್ಧಕ್ಕರ್ಧ ಇಳಿದುಬಿಟ್ಟಿದೆ, ಮೆಂಜಕ್ಕ. ಕುರಿ ತುಳಿದೇ ಹೀಗಾಗಿದೆ ಅಂತಾರೆ ಮೇಲಿನ ಅಧಿಕಾರಿಗಳು. ಬರೋ ವರ್ಷ ಅಲ್ಲಿ ಕುರಿ ಬಿಡೋ ಹಾಗಿಲ್ಲ."

ಮೆತ್ತೆ ಹೂವೆಂದರೆ ನೆಲಕ್ಕೆ ಅಂಟಿಕೊಂಡು ಅರಳುವ ಗುಲಾಬಿ ಬಣ್ಣದ ಹೂವು. ಬಾಲ್ಸರನ ಮಂದೆಗೆ ಬೇಸಿಗೆಯಲ್ಲಿ ಇದ್ದದ್ದು ಅದೊಂದೇ ಇಳಿಜಾರು. ಅದು ಹೋದರೆ ಮಂದೆಯನ್ನೇ ಮಾರಬೇಕು.

ಫ್ಲುರಿನಾ ಹೋದ ಮೇಲೆ ಬಾಲ್ಸರ್ ಹೆಂಡತಿಯ ಕಾಲಿಗೆ ಮುಲಾಮು ತಿಕ್ಕತೊಡಗಿದ. ಊದಿದ ಹರಡು ಅವನ ಅಂಗೈಯಡಿ ಪೂರ್ತಿ ಮುಚ್ಚಿಹೋಗಿತ್ತು.

"ಏಯ್, ತಡಿ! ಬೆಟ್ಟದ ಮೇಲೆ ಯಾರ ಕೈ ಇಟ್ಟು ಅಳೆದೆ?"

"ಯಾರ ಕೈ ಅಂದ್ರೆ? ನಂದೇ. ಪಕ್ಕದ ಮನೇಲಿ ಕಡ ತಗೊಂಡು ಹೋಗ್ಬೇಕಿತ್ತಾ?"

"ಅಯ್ಯೋ ಪೆದ್ದೇ! ನಿಂದು ಅಂಗೈಯಲ್ಲ, ಮೊರ! ನಾನು ಎರಡು ಅಂತ ಎಣಿಸೋ ಜಾಗ ನಿನಗೆ ಒಂದೇ ಆಗತ್ತೆ. ಕಮ್ಮಿಯಾಗಿರೋದು ಹೂವಲ್ಲ, ನಿನ್ನ ಎಣಿಕೆ!"

ಬಾಲ್ಸರ್ ತನ್ನ ಕೈಯನ್ನೇ ಪಿಳಿಪಿಳಿ ನೋಡಿಕೊಂಡ.

ಮೆಂಜಾ ಒಂದು ರಟ್ಟಿನ ಮೇಲೆ ತನ್ನ ಅಂಗೈಯಿಟ್ಟು ಗೆರೆ ಎಳೆದು ಕತ್ತರಿಸಿದಳು. ಮರುದಿನ ಅದನ್ನು ಹಿಡಿದು, ಫ್ಲುರಿನಾಳನ್ನು ಕರೆದುಕೊಂಡು ಬಾಲ್ಸರ್ ಮತ್ತೆ ಬೆಟ್ಟ ಹತ್ತಿದ. ಇತ್ತ ಮೆಂಜಾ ಕಿಟಕಿ ಬಿಟ್ಟು ಕದಲಲಿಲ್ಲ. ಅಳತೆ ಎರಡನೇ ಸಲವೂ ಹಾಗೇ ಬಂದರೆ?

ಸಂಜೆ ಬೇಲಿಯಾಚೆಯಿಂದಲೇ ಬಾಲ್ಸರನ ಕೂಗು ಕೇಳಿತು.

"ಹೋದ ವರ್ಷದಷ್ಟೇ ಇದೆ ಕಣೇ! ಒಂದಿಷ್ಟೂ ಕಮ್ಮಿಯಾಗಿಲ್ಲ!"

"ಕುರಿ ಬಿಡಬಹುದು ಮೆಂಜಕ್ಕ, ನಾನೇ ಬರೆದುಕೊಡ್ತೀನಿ," ಎಂದಳು ಏದುಸಿರು ಬಿಡುತ್ತಾ ಹಿಂದೆ ಬಂದ ಫ್ಲುರಿನಾ. "ಕೈ ಬದಲಾಯ್ತು ಅನ್ನೋದು ನನಗಾದ್ರೂ ಹೊಳೀಬಾರ್ದಿತ್ತಾ!"

"ಅಬ್ಬಾ!" ಎಂದು ಮೆಂಜಾ ಕುರ್ಚಿಗೆ ಒರಗಿದಳು. ಎದೆಯ ಮೇಲಿನ ಭಾರ ಇಳಿದು ನಗು ಉಕ್ಕಿ ಬಂತು. ಬಾಲ್ಸರ್ ಮಾತ್ರ ನಗಲಿಲ್ಲ. ಹೊಸ್ತಿಲಲ್ಲೇ ಕೂತು, "ನನ್ನ ಕುರೀನ ನನ್ನ ಕೈಯಾರೆ ಕಳ್ಕೊಳ್ತಿದ್ನಲ್ಲೇ," ಎಂದು ಗೊಳೋ ಎಂದು ಅತ್ತುಬಿಟ್ಟ.