ನೀರಗತ್ತರಿಯನ್ನು ಮೊದಲು ಕಂಡವರು

ಬಾಬುಲಾಲ ಮಾಸ್ತರರು ಆಲಮೇಲದ ಕನ್ನಡ ಸಾಲಿಯಲ್ಲಿ ಮೂರನೇ ಇಯತ್ತೆಗೆ ಕಲಿಸುತ್ತಿದ್ದರು. ನಾನು ಅಲ್ಲಿ ಅವರಿಗಿಂತ ಕಿರಿಯ ಮಾಸ್ತರ. ಪ್ರತಿ ರವಿವಾರ ನಸುಕಿನಲ್ಲೇ ಸೈಕಲ್ ಹತ್ತಿ ಭೀಮಾ ಹೊಳೆಗೆ ಹೋಗಿ, ದಂಡೆಯ ಕಾಲುದಾರಿ ಹಿಡಿದು ಹಕ್ಕಿ ನೋಡುವುದು ಅವರ ಹುಚ್ಚು. ಕಂಡದ್ದನ್ನೆಲ್ಲ ಒಂಬತ್ತು ವರ್ಷದಿಂದ ಬರೆದಿಟ್ಟಿದ್ದರು.

"ಒಂದ್ ವಾರ ತಪ್ಪಿದ್ರ ಹಕ್ಕಿ ನಿಮಗ ಗೈರುಹಾಜರಿ ಹಾಕ್ತಾವೇನ್ರಿ?" ಎಂದು ಹೆಂಡತಿ ಸೈದಾಬಿ ನಗುತ್ತಿದ್ದಳು.

ಅದೇ ದಂಡೆಯಲ್ಲಿ ಪರಸಪ್ಪ ಕುರಿ ಮೇಯಿಸುತ್ತಿದ್ದ. ಅವನಿಗೆ ಓದುಬರಹ ಬಾರದು. ಆದರೆ ಮಾಸ್ತರರು ದುರ್ಬೀನು ಕಣ್ಣಿಗೆ ಹಿಡಿಯುವಷ್ಟರಲ್ಲಿ ಅವನು ಬರಿಗಣ್ಣಿನಲ್ಲೇ ಹಕ್ಕಿ ಕಂಡು, ಗೂಡು ಎಲ್ಲಿ, ತತ್ತಿ ಎಷ್ಟು ಎಂದು ಹೇಳಿ ಮುಗಿಸಿರುತ್ತಿದ್ದ. ಮಾಸ್ತರರು "ಶಾಬ್ಬಾಸ್" ಎನ್ನುತ್ತಿದ್ದರು. ಒಳಗೆ ಉರಿಯುತ್ತಿತ್ತು.

ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ಪರಸಪ್ಪ ಅವರನ್ನು ಉಸುಕಿನ ದಿಬ್ಬದ ಹತ್ತಿರ ಕರೆದೊಯ್ದ. ಮೈಮೇಲೆ ಕಪ್ಪು, ಕೆಳಗೆ ಬಿಳುಪು, ಕೆಂಪು ಕೊಕ್ಕು. ಕೆಳಗಿನ ಕೊಕ್ಕೇ ಉದ್ದ. ಅದನ್ನು ನೀರಲ್ಲಿ ಅದ್ದಿ, ಹೊಳೆಯನ್ನು ಸೀಳುತ್ತ ಹಾರುತ್ತಿದ್ದ ಆ ಹಕ್ಕಿಯನ್ನು ಮಾಸ್ತರರು ಎಂದೂ ಕಂಡಿರಲಿಲ್ಲ.

"ನಾ ಇದಕ್ಕ ನೀರಗತ್ತರಿ ಅಂತೇನ್ರಿ. ಅರಿವಿ ಕತ್ತರಿಸಿದಂಗ ಹೋಗ್ತೈತಿ," ಎಂದ ಪರಸಪ್ಪ.

ಮಾಸ್ತರರು ವಿಜಾಪುರದ ಕಾಲೇಜಿನ ಪ್ರಾಧ್ಯಾಪಕರೊಬ್ಬರಿಗೆ ಕಾಗದ ಬರೆದರು. ಅವರು ಬಂದರು, ಬೆರಗಾದರು. ಆದರೆ ಇಡೀ ದಿನ ಪರಸಪ್ಪನ ಹೆಗಲ ಮೇಲೆ ಕೈಯಿಟ್ಟುಕೊಂಡೇ ತಿರುಗಿದರು. ಮಾಸ್ತರರು ಮುಂದೆ ಚಾಚಿದ ನೋಟಬುಕ್ಕನ್ನು ನಾಲ್ಕು ಹಾಳೆ ಮಗುಚಿ ಹಿಂದಕ್ಕೆ ಕೊಟ್ಟರು. ಹೋಗುವಾಗ, "ಇಬ್ಬರ ಹೆಸರಿಲೆ ವಾರಪತ್ರಿಕೆಗೆ ಒಂದ್ ಲೇಖನ ಬರೀರಿ," ಎಂದು ಹೇಳಿದರು.

ಮಾಸ್ತರರು ಬರೆದರು. 'ನಾನು ಕಂಡೆ' ಎಂದು ಬರೆದರು. ನೀರಗತ್ತರಿ ಎಂಬ ಹೆಸರೂ ತಾವೇ ಇಟ್ಟದ್ದು ಎಂದರು.

ಪತ್ರಿಕೆ ಬಂದ ದಿನ ಪರಸಪ್ಪ ಸಾಲಿಗೇ ಬಂದ. "ನನ್ನ ಹೆಸರ ಎಲ್ಲೈತ್ರೀ ಮಾಸ್ತರ್ರ?"

ಮಾಸ್ತರರು ತಮ್ಮ ಹೆಸರಿನ ಮೇಲೆಯೇ ಬೆರಳಿಟ್ಟು, "ಇಲ್ಲೈತಿ ನೋಡು," ಎಂದರು.

ಪರಸಪ್ಪ ಆ ಹಾಳೆಯನ್ನು ಬೇಡಿ ಪಡೆದು, ಮಡಚಿ ರುಮಾಲಿನೊಳಗೆ ಇಟ್ಟುಕೊಂಡ. ಕಂಡವರಿಗೆಲ್ಲ ಬಿಚ್ಚಿ ತೋರಿಸಿದ. ಎಂಟು ದಿನದ ಮೇಲೆ ಸಿಂದಗಿ ಬಸ್ಸಿನ ಕಂಡಕ್ಟರ್ ಅಪ್ಪಾಸಾಬ ಅದನ್ನು ಪೂರಾ ಓದಿ, "ಇದರಾಗ ನಿನ್ನ ಹೆಸರ ಎಲ್ಲೂ ಇಲ್ಲಲ್ಲೋ," ಎಂದ.

ಪರಸಪ್ಪ ಜಗಳಕ್ಕೆ ಬರಲಿಲ್ಲ. ಮುಂದಿನ ರವಿವಾರ ಮಾಸ್ತರರು ಎದುರಾದಾಗ ನಮಸ್ಕಾರವನ್ನೂ ಮಾಡಿದ. ಏನು ಕೇಳಿದರೂ "ನೋಡಿಲ್ರಿ" ಎಂದಷ್ಟೇ ಅಂದ. ಒಂದೂವರೆ ವರ್ಷ ಹೀಗೇ ನಡೆಯಿತು. ಅವನು ದೂರದಲ್ಲಿ ಕೋಲೂರಿ ನಿಂತರೆ ಅಲ್ಲೊಂದು ಹಕ್ಕಿ ಇದೆಯೆಂದು ಮಾಸ್ತರರಿಗೆ ಗೊತ್ತಾಗುತ್ತಿತ್ತು. ಹತ್ತಿರ ಹೋಗಲು ಮುಖವಿರಲಿಲ್ಲ. ನಾಚಿಕೆಗಿಂತ, ಅವನೊಬ್ಬನೇ ನೋಡುತ್ತಿದ್ದಾನಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತಂತೆ.

ಕೊನೆಗೆ ಅವರು ಪತ್ರಿಕೆಗೆ ನಿಜ ಬರೆದರು. ಮೂರು ಸಾಲು ಅಚ್ಚಾಯಿತು. ಅದನ್ನು ಹಿಡಿದು ಹೊಳೆಗೆ ಹೋಗಿ, ಪರಸಪ್ಪನ ಮುಂದೆ ನಿಂತು ಓದಿದರು: ಹಕ್ಕಿಯನ್ನು ಮೊದಲು ಕಂಡವನೂ ಅದಕ್ಕೆ ಹೆಸರಿಟ್ಟವನೂ ಪರಸಪ್ಪ, ತಾವು ಮೊದಲು ಬರೆದದ್ದು ಸುಳ್ಳು.

"ಇನ್ನೊಮ್ಮೆ ಓದ್ರಿ," ಎಂದ ಪರಸಪ್ಪ.

ಮತ್ತೆ ಓದಿದರು. ಅವನು ಕುರಿಗಳನ್ನು ತಿರುಗಿಸಿದ. "ಬರ್ರಿ, ಆ ಕಡೆ ದಿಬ್ಬದಾಗ ತತ್ತಿ ಇಟ್ಟಾವು."

ಇದನ್ನೆಲ್ಲ ಮಾಸ್ತರರೇ ನನಗೆ ಹೇಳಿದ್ದು. "ಅಲ್ಲಿಗೆ ಹೊಟ್ಟಿಕಿಚ್ಚು ಹೋತೇನ್ರಿ?" ಎಂದು ಕೇಳಿದೆ.

"ಎಲ್ಲೀದು ತಗೀಪಾ," ಎಂದರು. "ಎರಡನೇ ಸಲ ಓದುವಾಗ ಮತ್ತ ಉರೀತು. ಆದ್ರೂ ಅಂವನ ಹಿಂದ ಹೋದೆ."